ಎಂಜಿನ್ ತೆರೆಯುವ ಮೊದಲು ಪೆನ್ಸಿಲ್ ಹಿಡಿಯಿರಿ

ಬೆಂಗಳೂರಿನಲ್ಲಿ ಭಾನುವಾರದ ಚೆಸ್ ಟೂರ್ನಿ ಮುಗಿಸಿ ತುಮಕೂರಿನ ರೈಲು ಹತ್ತಿದ ಮಕ್ಕಳು ಸೀಟು ಸಿಕ್ಕ ಕೂಡಲೇ ಸ್ಕೋರ್‌ಶೀಟ್ ತೆಗೆದು, ಸೋತ ಆಟದ ನಡೆಗಳನ್ನು ಮೊಬೈಲಿಗೆ ತುಂಬಿ, ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ (ಒಳ್ಳೆಯ ನಡೆಗಳನ್ನು ಲೆಕ್ಕಹಾಕಿ ತೋರಿಸುವ ತಂತ್ರಾಂಶ) ಏನು ಹೇಳುತ್ತದೆಂದು ನೋಡಲು ಕೂರುತ್ತಾರೆ. ತಪ್ಪು ನಡೆ ಯಾವುದು, ಆಡಬೇಕಿದ್ದ ನಡೆ ಯಾವುದು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಮೊಬೈಲ್ ಜೇಬಿಗೆ ಸೇರುತ್ತದೆ. ಮುಂದಿನ ತಿಂಗಳು ಅಂಥದೇ ಸ್ಥಾನ, ಅಂದರೆ ಬೋರ್ಡಿನ ಮೇಲೆ ಕಾಯಿಗಳ ಅಂಥದೇ ಜೋಡಣೆ, ಬಂದಾಗ ಅದೇ ತಪ್ಪು ಮರುಕಳಿಸುತ್ತದೆ. ಇದನ್ನು ಎಷ್ಟೋ ಬಾರಿ ಕಂಡ ಮೇಲೆ ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಮಾಡಿದ್ದೇನೆ: ತುಮಕೂರಿಗೆ ಸ್ವಲ್ಪ ಮುಂಚೆ ಸಿಗುವ ಕ್ಯಾತ್ಸಂದ್ರವನ್ನು ರೈಲು ದಾಟುವವರೆಗೆ ಮೊಬೈಲಿನಲ್ಲಿ ಚೆಸ್ ಎಂಜಿನ್ ತೆರೆಯುವಂತಿಲ್ಲ. ಅಲ್ಲಿಯವರೆಗೆ, ಯಾವ ನಡೆಗೆ ಮುನ್ನ ಏನು ಯೋಚಿಸಿದ್ದೆ, ಎದುರಾಳಿಯ ಯಾವ ನಡೆ ನನಗೆ ಕಾಣಲೇ ಇಲ್ಲ, ಎಲ್ಲಿ ಹೆದರಿ ಹಿಂದೆ ಸರಿದೆ ಎಂಬುದನ್ನು ಸ್ಕೋರ್‌ಶೀಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು.

ಎಂಜಿನ್ನಿನ ಬಲದ ಬಗ್ಗೆ ನನಗೆ ಸಂಶಯವಿಲ್ಲ. 1997ರ ಮೇ ತಿಂಗಳಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು 3.5–2.5ರಿಂದ ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ, ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಾನಗಳನ್ನು ಪರಿಶೀಲಿಸುತ್ತಿದ್ದ ದೈತ್ಯ ಯಂತ್ರವಾಗಿತ್ತು. 2020ರಿಂದ ನರಜಾಲದ (ನ್ಯೂರಲ್ ನೆಟ್‌ವರ್ಕ್) ನೆರವಿನಿಂದ ಸ್ಥಾನಗಳನ್ನು ತೂಗುತ್ತಿರುವ, ಉಚಿತವಾಗಿ ಸಿಗುವ ಸ್ಟಾಕ್‌ಫಿಶ್, ಸಾಧಾರಣ ಫೋನಿನಲ್ಲಿ ಅದಕ್ಕಿಂತ ಚೆನ್ನಾಗಿ ಆಡುತ್ತದೆ. ಆದರೆ ಅದು ಕೊಡುವುದು, ಯಾರು ಎಷ್ಟು ಮುಂದಿದ್ದಾರೆಂದು ತೋರಿಸುವ ಒಂದು ಅಂಕಿ ಮತ್ತು ನಡೆಗಳ ಒಂದು ಸರಣಿ. ಕಾರಣವನ್ನು ಅದು ಹೇಳುವುದಿಲ್ಲ.

ಕಾರಣವನ್ನು ಅದರಿಂದಲೇ ಹೊರಡಿಸುವ ದಾರಿಯಿದೆ. ಗುಬ್ಬಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳ ಆಟದಲ್ಲಿ, ಅವಳು ಆನೆಯಿಂದ ಕಾಲಾಳೊಂದನ್ನು ಹೊಡೆದ ಜಾಗದಲ್ಲಿ ಎಂಜಿನ್ ಎಚ್3 ಎಂಬ, ರಾಜನ ಬದಿಯ ಅಂಚಿನ ಕಾಲಾಳನ್ನು ಒಂದು ಮನೆ ಮುಂದಿಡುವ ಸಪ್ಪೆ ನಡೆಯನ್ನು ಸೂಚಿಸಿತು. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ, ಒಪ್ಪಬೇಕೆಂದು ನಾನೂ ಹೇಳಲಿಲ್ಲ. ಸೂಚನೆಗಳನ್ನು ಮುಚ್ಚಿ, ಅವಳ ನಡೆಯನ್ನೇ ಇಟ್ಟು, ಎದುರಾಳಿಯ ಕಾಯಿಗಳನ್ನು ಎಂಜಿನ್ನಿಗೆ ಕೊಟ್ಟು ಆಡಿಸಿದೆ. ನಾಲ್ಕನೆಯ ನಡೆಗೆ ಅವಳ ರಾಜ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದು ಮೇಟ್ ಆಯಿತು. ಎಚ್3 ಎಂದರೆ ರಾಜನಿಗೊಂದು ಕಿಟಕಿ ತೆರೆದಂತೆ ಎಂಬುದನ್ನು ಅವಳೇ ನನಗೆ ವಿವರಿಸಿದಳು. ಒಪ್ಪಿಗೆಯಾಗದ ನಡೆಯನ್ನು ಹೀಗೆ ಎಂಜಿನ್ನಿನ ಎದುರೇ ಆಡಿ ನೋಡುವುದು, ಅದರ ಬಾಣದ ಗುರುತನ್ನು ನೂರು ಸಲ ನೋಡುವುದಕ್ಕಿಂತ ಹೆಚ್ಚು ಕಲಿಸುತ್ತದೆಂದು ನಾನು ಖಚಿತವಾಗಿ ನಂಬಿದ್ದೇನೆ.

ಅಂಕಿಗಳ ವಿಷಯದಲ್ಲಿ ಪೋಷಕರಿಗೂ ಒಂದು ಮಾತು. ಎರಡು ನಡೆಗಳ ನಡುವಿನ 0.3ರ ವ್ಯತ್ಯಾಸಕ್ಕೆ ಮಗುವನ್ನು ಗದರಬೇಡಿ. ಆರಂಭಿಕರ ಆಟಗಳು ತೀರ್ಮಾನವಾಗುವುದು ಕಾಯಿಯೊಂದನ್ನು ಕಾವಲಿಲ್ಲದೆ ಬಿಟ್ಟಾಗ. 0.00, ಅಂದರೆ ಸಮಬಲ, ಎಂದು ಕಂಡ ಮಾತ್ರಕ್ಕೆ ಆಟ ಮುಗಿಯಿತೆಂದೂ ತಿಳಿಯಬೇಡಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ 14ನೆಯ ಆಟದಲ್ಲಿ, ಎಂಜಿನ್ನುಗಳು ಡ್ರಾ ಎಂದೇ ತೋರಿಸುತ್ತಿದ್ದ ಸ್ಥಾನವನ್ನು ಗುಕೇಶ್ ಒಂದು ಹೆಚ್ಚುವರಿ ಕಾಲಾಳಿನ ಬಲದಿಂದ ಎಳೆಯುತ್ತಲೇ ಹೋದರು. 55ನೆಯ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ತಪ್ಪಿ, ಆನೆಯನ್ನು ಎಫ್2 ಮನೆಗೆ ತಂದರು. ಆನೆಗಳೂ ಒಂಟೆಗಳೂ ವಿನಿಮಯವಾಗಿ, ಉಳಿದ ರಾಜ-ಕಾಲಾಳುಗಳ ಆಟ ಡಿಂಗ್ ಅವರಿಗೆ ಸೋಲಿನದಾಗಿತ್ತು. ಇದೇ ಗುಕೇಶ್ ಅವರನ್ನು, ರೇಟಿಂಗ್ ಸುಮಾರು 2500 ಮುಟ್ಟುವವರೆಗೆ, ತರಬೇತುದಾರ ವಿಷ್ಣು ಪ್ರಸನ್ನ ಎಂಜಿನ್ನಿನಿಂದ ದೂರವಿಟ್ಟಿದ್ದರು.

ಎಂಜಿನ್ನಿನ ಜೊತೆ ಪೂರ್ತಿ ಆಟ ಆಡುವುದನ್ನು ನಾನು ಹೆಚ್ಚು ಪ್ರೋತ್ಸಾಹಿಸುವುದಿಲ್ಲ. ಬಲ ತಗ್ಗಿಸಿದ ಮಟ್ಟದಲ್ಲಿ ಅದು ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್‌ನಂತೆ ಆಡಿ, ಹನ್ನೊಂದನೆಯದರಲ್ಲಿ ಕಾರಣವಿಲ್ಲದೆ ಮಂತ್ರಿಯನ್ನೇ ಬಿಟ್ಟುಕೊಡಬಹುದು. ಮನುಷ್ಯರು ಹಾಗೆ ತಪ್ಪುವುದಿಲ್ಲ. ಅದಕ್ಕೆ ಬದಲು ಗೆಲ್ಲುವ ಸ್ಥಾನವನ್ನು ಇಟ್ಟುಕೊಂಡು, ಪೂರ್ಣ ಬಲದ ಎಂಜಿನ್ನಿನ ಎದುರು ಗೆದ್ದು ತೋರಿಸುವುದು ಒಳ್ಳೆಯ ಅಭ್ಯಾಸ. ನಮ್ಮ ತರಗತಿಯಲ್ಲಿ ಇದು, ಆನೆ ಮತ್ತು ಕಾಲಾಳು ಒಂಟಿ ಆನೆಯ ಎದುರು ಗೆಲ್ಲುವ ಲುಸೆನಾ ಸ್ಥಾನದಿಂದ ಆರಂಭವಾಗುತ್ತದೆ: ಕಾಲಾಳು ಏಳನೆಯ ಸಾಲಿನಲ್ಲಿ, ರಾಜ ಅದರ ಮುಂದೆ, ಆನೆಯನ್ನು ನಾಲ್ಕನೆಯ ಸಾಲಿಗೆ ತಂದು ಚೆಕ್‌ಗಳಿಗೆ ಅಡ್ಡವಾಗಿ ಸೇತುವೆ ಕಟ್ಟಬೇಕು. ಮೂರು ಬಾರಿ ತಪ್ಪಿಲ್ಲದೆ ಗೆದ್ದವರಿಗೆ ದುರ್ಬಲ ಪಕ್ಷವನ್ನು ಕೊಟ್ಟು ಅಂಥದೇ ಕಾಯಿಗಳ ಎದುರು ಡ್ರಾ ಮಾಡಿಕೊಳ್ಳುವ ಫಿಲಿಡೋರ್ ರಕ್ಷಣೆ ಮಾಡಿಸುತ್ತೇನೆ. ಅಲ್ಲಿ ಆನೆ ಮೂರನೆಯ ಸಾಲನ್ನು ಕಾಯುತ್ತಿದ್ದು, ಎದುರಾಳಿಯ ಕಾಲಾಳು ಆ ಸಾಲಿಗೆ ಬಂದೊಡನೆ ಬೋರ್ಡಿನ ಆಚೆ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡಬೇಕು. ಒಂದು ನಡೆ ತಡವಾದರೂ ಎಂಜಿನ್ ಬಿಡುವುದಿಲ್ಲ.