ಎಕ್ಸೆಲ್ ಒಳಗೊಂದು ಅಹರ್ಗಣ

ಎಕ್ಸೆಲ್‌ನ ಒಂದು ಸೆಲ್‌ನಲ್ಲಿ 15 ಆಗಸ್ಟ್ 1947ರ ತಾರೀಖು ಹಾಕಿ, ಹೋಮ್ ಟ್ಯಾಬ್‌ನಲ್ಲಿ ನಂಬರ್ ಫಾರ್ಮ್ಯಾಟ್ ಅನ್ನು ‘ಜನರಲ್’ ಮಾಡಿ. ತಾರೀಖು ಹೋಗಿ 17394 ಬಂದು ಕೂರುತ್ತದೆ. ಫೈಲ್ ಕೆಟ್ಟಿತೆಂದು ಗಾಬರಿಯಿಂದ ಅನ್‌ಡೂ ಒತ್ತುವವರೇ ಹೆಚ್ಚು. ಏನೂ ಕೆಟ್ಟಿಲ್ಲ. ಸೆಲ್‌ನಲ್ಲಿ ಮೊದಲಿನಿಂದ ಇದ್ದದ್ದೇ ಆ ಸಂಖ್ಯೆ. ತಾರೀಖು ಅದಕ್ಕೆ ತೊಡಿಸಿದ ಅಂಗಿ.

ಜನವರಿ 1, 1900 ಎಂದರೆ 1. ಅಲ್ಲಿಂದ ದಿನಕ್ಕೊಂದರಂತೆ ಏರುತ್ತ ಹೋಗುವ ಎಣಿಕೆ ಇದು, ಗಾಡಿಯ ಓಡೋಮೀಟರ್ ಹಾಗೆ. ನವೆಂಬರ್ 1, 1956ರ ಸಂಖ್ಯೆ 20760. ಸ್ವಾತಂತ್ರ್ಯ ಬಂದ ಎಷ್ಟು ದಿನಕ್ಕೆ ಕನ್ನಡ ನಾಡು ಒಂದಾಯಿತು? ಕಳೆದರೆ ಸಾಕು, 3366. ಅಧಿಕ ವರ್ಷ ಯಾವುದು, ಜುಲೈಗೆ 30 ದಿನವೋ 31 ದಿನವೋ ಎಂಬ ತಲೆನೋವೇ ಇಲ್ಲ.

ಈ ಉಪಾಯ ನಮ್ಮ ನೆಲದಲ್ಲಿ ಬಹಳ ಹಳೆಯದು. ಪಂಚಾಂಗ ಗಣಿತದಲ್ಲಿ ಇದರ ಹೆಸರು ಅಹರ್ಗಣ, ಅಂದರೆ ದಿನಗಳ ರಾಶಿ. ಕಲಿಯುಗಾದಿಯಿಂದ, ಕ್ರಿ.ಪೂ. 3102ರ ಫೆಬ್ರವರಿ 18ರಿಂದ, ಇಂದಿಗೆ ಎಷ್ಟು ದಿನ ಕಳೆದವು ಎಂದು ತಿಳಿದರೆ ಗ್ರಹ ದಿನಕ್ಕೆ ಎಷ್ಟು ಚಲಿಸುತ್ತದೆ ಎಂಬುದರಿಂದ ಗುಣಿಸಿ ಅದರ ಸ್ಥಾನ ಹೇಳಬಹುದು. ಸಂಖ್ಯೆ ತೀರ ದೊಡ್ಡದಾದಾಗ ಆರಂಭದ ದಿನವನ್ನೇ ಹತ್ತಿರಕ್ಕೆ ತಂದರು. ಗಣೇಶ ದೈವಜ್ಞ ತನ್ನ ‘ಗ್ರಹಲಾಘವ’ದಲ್ಲಿ 1520ರಿಂದ ಎಣಿಸಿದ. ಎಕ್ಸೆಲ್ 1900ರಿಂದ ಎಣಿಸುತ್ತದೆ. ವಿದ್ಯೆ ಒಂದೇ.

ಆ ಗಣಿತಜ್ಞರು ಇನ್ನೊಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಅಹರ್ಗಣವನ್ನು 7ರಿಂದ ಭಾಗಿಸಿ, ಉಳಿದ ಶೇಷದಿಂದ ವಾರ ತೆಗೆದು, ಅಂದಿನ ನಿಜವಾದ ವಾರಕ್ಕೆ ತಾಳೆ ನೋಡುವುದು. ಒಂದು ದಿನ ಆಚೀಚೆ ಆಗಿದ್ದರೆ ಅಲ್ಲೇ ತಿದ್ದುವುದು. ಎಕ್ಸೆಲ್‌ನಲ್ಲೂ ಇದನ್ನು ಮಾಡಿ: 17394ನ್ನು 7ರಿಂದ ಭಾಗಿಸಿದರೆ ಶೇಷ 6. ಭಾನುವಾರಕ್ಕೆ 1, ಶನಿವಾರಕ್ಕೆ 0 ಎಂಬ ಲೆಕ್ಕದಲ್ಲಿ 6 ಎಂದರೆ ಶುಕ್ರವಾರ. ಸ್ವಾತಂತ್ರ್ಯ ಬಂದದ್ದು ಶುಕ್ರವಾರವೇ.

ಆದರೆ ಜನವರಿ 1, 1900ಕ್ಕೆ ಈ ಪರೀಕ್ಷೆ ಸೋಲುತ್ತದೆ. ಎಕ್ಸೆಲ್ ಭಾನುವಾರ ಎನ್ನುತ್ತದೆ, ಅಂದು ಸೋಮವಾರ. 400ರಿಂದ ಭಾಗವಾಗದ ಶತಮಾನ ವರ್ಷ ಅಧಿಕ ವರ್ಷವಲ್ಲ, ಆದ್ದರಿಂದ 1900ರಲ್ಲಿ ಫೆಬ್ರವರಿ 29 ಇರಲೇ ಇಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ, ಎಕ್ಸೆಲ್‌ನಂಥದೇ ತಂತ್ರಾಂಶ ಅದನ್ನು ಇದೆಯೆಂದು ಎಣಿಸಿತ್ತು. ಲೋಟಸ್‌ನ ಕಡತಗಳು ಹೊಂದಬೇಕೆಂದು ಎಕ್ಸೆಲ್ ಆ ತಪ್ಪನ್ನು ಹಾಗೆಯೇ ಇಟ್ಟುಕೊಂಡಿತು. ಇಲ್ಲದ ದಿನಕ್ಕೆ ಇಂದಿಗೂ 60 ಎಂಬ ಸಂಖ್ಯೆ ಮೀಸಲು.

ನಿಮ್ಮ ದಿನನಿತ್ಯದ ಲೆಕ್ಕ ಹಾಳಾಗುವುದು ಇದರಿಂದಲ್ಲ. ‘ಕಂಪ್ಯೂಟರ್ ತೋರಿಸಿದ ಮೇಲೆ ಮುಗಿಯಿತು’ ಎಂಬ ನಂಬಿಕೆಯಿಂದ. 2024ರ ಆಗಸ್ಟ್ ತಿಂಗಳ ರಸೀದಿಗಳ ಒಂದು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಅಕ್ಷರಗಳ) ಕಡತವನ್ನು ತೆಗೆದುಕೊಳ್ಳಿ, ತಾರೀಖು ದಿನ/ತಿಂಗಳು/ವರ್ಷ ಕ್ರಮದಲ್ಲಿದೆ. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ 13ರಿಂದ 31ರವರೆಗಿನ 19 ದಿನಗಳು ಬರೀ ಅಕ್ಷರಗಳಾಗಿ ಸೆಲ್‌ನ ಎಡಕ್ಕೆ ಅಂಟುತ್ತವೆ, ಏಕೆಂದರೆ 13ನೇ ತಿಂಗಳಿಲ್ಲ. ಇವು ಕಣ್ಣಿಗೆ ಬೀಳುತ್ತವೆ. ಅಪಾಯ ಇರುವುದು ಮೊದಲ 12ರಲ್ಲಿ. ಅವು ಬಲಕ್ಕೆ ಸರಿದು, ಸಭ್ಯವಾಗಿ ನಿಂತು, ಜನವರಿ 8ರಿಂದ ಡಿಸೆಂಬರ್ 8ರವರೆಗೆ ತಿಂಗಳಿಗೊಂದರಂತೆ ಹರಡಿಕೊಳ್ಳುತ್ತವೆ. ಆಗಸ್ಟ್ 8 ಒಂದೇ ಸರಿ. ‘ಸಮ್‌ಇಫ್ಸ್’ ಹಾಕಿ ಆಗಸ್ಟ್‌ನ ಮೊತ್ತ ಕೇಳಿದರೆ ಒಂದೇ ದಿನದ ಹಣ ಬರುತ್ತದೆ, ಯಾವ ಎರರ್ ಕೂಡ ತೋರಿಸದೆ.

ಇಲ್ಲೂ ವಾರವೇ ಕಾಪಾಡುವುದು. ಪಕ್ಕದ ಕಾಲಂನಲ್ಲಿ =ಟೆಕ್ಸ್ಟ್(ಎ2,"ಡಿಡಿಡಿಡಿ") ಹಾಕಿ (ಫಾರ್ಮುಲಾ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ), ಎ2ರಲ್ಲಿರುವ ತಾರೀಖಿನ ವಾರ ಕಾಣುತ್ತದೆ. ಭಾನುವಾರ ರಜೆ ಇರುವ ಕಚೇರಿಯಲ್ಲಿ ಭಾನುವಾರದ ರಸೀದಿ ಕಂಡರೆ ತಾರೀಖು ತಿರುಗಿದೆ. ಸೋಮವಾರ, ಆಗಸ್ಟ್ 12ರ ರಸೀದಿ ಡಿಸೆಂಬರ್ 8ಕ್ಕೆ, ಅಂದರೆ ಭಾನುವಾರಕ್ಕೆ, ಹೋಗಿ ಬಿದ್ದಿರುತ್ತದೆ.

ಕಡತ ಈಗಾಗಲೇ ಹೀಗಾಗಿದ್ದರೆ, ಎಡಕ್ಕಂಟಿದ ತಾರೀಖುಗಳು 13/08/2024ರಂತೆ ಪೂರ್ತಿ ಹತ್ತು ಅಕ್ಷರ ಇರುವಾಗ, ಹೊಸ ಕಾಲಂನಲ್ಲಿ ಇದು ಕೆಲಸ ಮಾಡುತ್ತದೆ:

=ಇಫ್(ಈಸ್‌ನಂಬರ್(ಎ2), ಡೇಟ್(ಇಯರ್(ಎ2),ಡೇ(ಎ2),ಮಂತ್(ಎ2)), ಡೇಟ್(ರೈಟ್(ಎ2,4),ಮಿಡ್(ಎ2,4,2),ಲೆಫ್ಟ್(ಎ2,2)))

ಸಂಖ್ಯೆಯಾಗಿದ್ದರೆ ದಿನ, ತಿಂಗಳುಗಳನ್ನು ಅದಲುಬದಲು ಮಾಡುತ್ತದೆ. ಅಕ್ಷರವಾಗಿದ್ದರೆ ತುಂಡರಿಸಿ ಜೋಡಿಸುತ್ತದೆ. ಒಂದೇ ಸಲ ಬಳಸಿ. ಸರಿಯಾದ ಆಗಸ್ಟ್ 15ರ ಮೇಲೆ ಮತ್ತೆ ಹಾಕಿದರೆ ‘15ನೇ ತಿಂಗಳು’ ಎಂದಾಗುತ್ತದೆ, ಎಕ್ಸೆಲ್ ಜಗಳವಾಡದೆ ಅದನ್ನು 2025ರ ಮಾರ್ಚ್ 8 ಮಾಡಿಬಿಡುತ್ತದೆ.

ಇದಕ್ಕಿಂತ ಒಳ್ಳೆಯದು ಕಡತವನ್ನು ಸರಿಯಾಗಿ ಒಳತರುವುದು. ಡೇಟಾ ಟ್ಯಾಬ್‌ನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’, ನಂತರ ‘ಟ್ರಾನ್ಸ್‌ಫಾರ್ಮ್ ಡೇಟಾ’. ತಾರೀಖಿನ ಕಾಲಂ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಟೈಪ್’, ಅದರ ಕೊನೆಯಲ್ಲಿರುವ ‘ಯೂಸಿಂಗ್ ಲೊಕೇಲ್’, ಅಲ್ಲಿ ಡೇಟ್ ಮತ್ತು ಇಂಗ್ಲಿಷ್ (ಇಂಡಿಯಾ). ಹಳೆಯ ಹೆಜ್ಜೆಯನ್ನು ಬದಲಿಸಲೇ ಎಂದು ಕೇಳಿದರೆ ‘ರೀಪ್ಲೇಸ್ ಕರೆಂಟ್’ ಒತ್ತಬೇಕು, ಇಲ್ಲವಾದರೆ ತಪ್ಪಾಗಿ ಓದಿದ ತಾರೀಖಿನ ಮೇಲೆಯೇ ಹೊಸ ಹೆಜ್ಜೆ ನಿಲ್ಲುತ್ತದೆ.

ಗಂಟೆಗಳೂ ಇದೇ ಎಣಿಕೆಯ ಚೂರುಗಳು. ಬೆಳಿಗ್ಗೆ 6 ಎಂದರೆ 0.25, ನಡುಮಧ್ಯಾಹ್ನ 0.5. ಕೂಲಿ ಲೆಕ್ಕದಲ್ಲಿ 26 ಗಂಟೆಗಳ ಮೊತ್ತ 2:00 ಎಂದು ಕಂಡರೆ ಒಂದು ಪೂರ್ತಿ ದಿನ ಮರೆಯಾಗಿದೆ ಎಂದರ್ಥ. ಮೊತ್ತವನ್ನು 24ರಿಂದ ಗುಣಿಸಿ, ನಂಬರ್ ಫಾರ್ಮ್ಯಾಟ್ ಕೊಟ್ಟು, ಆಮೇಲೆ ಗಂಟೆಯ ದರ ಹಚ್ಚಿ.

ಇತಿಹಾಸದ ಕೆಲಸ ಮಾಡುವವರಿಗೆ ಒಂದು ಮಾತು. 1900ಕ್ಕೆ ಹಿಂದಿನ ದಿನ ಎಕ್ಸೆಲ್‌ಗೆ ತಿಳಿಯದು. ‘ಮಂಗಳೂರ ಸಮಾಚಾರ’ ಹೊರಟ ಜುಲೈ 1, 1843ನ್ನು ಟೈಪ್ ಮಾಡಿದರೆ ಅದು ಬರೀ ಅಕ್ಷರವಾಗಿ ಉಳಿಯುತ್ತದೆ; ಡೇಟ್ ಫಂಕ್ಷನ್‌ಗೆ ಕೊಟ್ಟರೆ 1843ಕ್ಕೆ 1900 ಕೂಡಿಸಿ ಇಸವಿ 3743 ಮಾಡುತ್ತದೆ. ಎಕ್ಸೆಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್ ಡಿಸೆಂಬರ್ 30, 1899ನ್ನು ಸೊನ್ನೆಯಾಗಿಟ್ಟು ಹಿಂದಕ್ಕೂ ಎಣಿಸುತ್ತದೆ. ಅಲ್ಲಿ ಆ ದಿನದ ಸಂಖ್ಯೆ −20636. 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ: ಶನಿವಾರ.