ಎಂಜಿನ್ನಿನ ಬಾಗಿಲು ಕಾಯುವ ಮೇಣ

ಕಾರಿನ ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲನ್ನು ಹೊಸದಾಗಿ ತಂದಿದ್ದೆ. ಅದರ ಬಾಯಿಗೆ ಹೊಲಿಗೆಯ ದಾರ ಸಿಕ್ಕಿಸಿ, ಆ ದಾರದಿಂದಲೇ ಅದನ್ನು ನೀರಿನ ಪಾತ್ರೆಯೊಳಗೆ ಇಳಿಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತ ನಿಂತಿದ್ದೆ. ನೀರಿನಲ್ಲಿ ಒಂದು ಥರ್ಮಾಮೀಟರ್. 70 ಡಿಗ್ರಿ ಆಯಿತು, 80 ಆಯಿತು, ಬಾಯಿ ಮುಚ್ಚಿದ್ದ ಬಿಲ್ಲೆ ಮಿಸುಕಲಿಲ್ಲ. 82 ದಾಟಿದ ಸ್ವಲ್ಪ ಹೊತ್ತಿಗೆ ಬಾಯಿ ಬಿರಿದು, ದಾರ ಸಡಿಲಗೊಂಡು, ಟಣ್ ಎಂದು ಪಾತ್ರೆಯ ತಳ ಸೇರಿತು. ಅದರ ಅಂಚಿನಲ್ಲಿ ಒತ್ತಿದ್ದ ಅಂಕಿಯೂ 82.

ಇದಕ್ಕೆ ಕಾರಣವಾದದ್ದು ಡಿಸೆಂಬರಿನ ಒಂದು ಮುಂಜಾವು. ಸಕಲೇಶಪುರದ ಕಡೆಗೆ ಹೊರಟಿದ್ದೆವು. ಮುಕ್ಕಾಲು ಗಂಟೆ ಓಡಿದರೂ ತಾಪದ ಮುಳ್ಳು ತಳ ಬಿಟ್ಟು ಏಳಲಿಲ್ಲ. ಹೀಟರ್ ಹಾಕಿದರೆ ಬರೀ ಉಗುರುಬೆಚ್ಚಗಿನ ಗಾಳಿ. ಕೆಲವು ವಾರಗಳಿಂದ ಕಾರು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ನೋಡಿ, ‘ಥರ್ಮೋಸ್ಟಾಟ್ ಹೋಗಿದೆ ಸರ್, ತೆಗೆದುಬಿಡೋಣ. ನಮ್ಮ ಬಿಸಿಲಿಗೆ ಅದು ಬೇಕಿಲ್ಲ, ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು’ ಎಂದರು. ರೋಗ ಸರಿಯಾಗಿಯೇ ಹಿಡಿದಿದ್ದರು, ಮದ್ದು ಮಾತ್ರ ತಪ್ಪು. ಈ ಮಾತನ್ನು ನಾನು ಬೇರೆ ಬೇರೆ ಊರುಗಳಲ್ಲಿ ಕೇಳಿದ್ದೇನೆ. ಅದನ್ನು ನಂಬಿ ಒಳ್ಳೆಯ ಎಂಜಿನ್ನುಗಳು ಸವೆಯುತ್ತಿರುವುದು ನನಗೆ ಸಂಕಟದ ವಿಷಯ.

ಎಂಜಿನ್ನಿಗೆ ಬೇಕಾದದ್ದು ತಂಪಲ್ಲ, ಹದವಾದ ಬಿಸಿ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಲೋಹ ಬಿಸಿಯಾಗಿ ಹಿಗ್ಗಿದಾಗ ಸರಿಹೊಂದುವಂತೆ ಲೆಕ್ಕ ಹಾಕಿರುತ್ತಾರೆ. ಎಂಜಿನ್ ಆಯಿಲ್ ಸರಾಗವಾಗಿ ಹರಿಯುವುದೂ ಬಿಸಿಯಲ್ಲೇ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿಯಲ್ಲಿ ಒಂದಷ್ಟು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿಯುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಹೊರಗೆ ಹೋಗುತ್ತದೆ. ತಣ್ಣನೆಯದರಲ್ಲಿ ಹನಿಗಟ್ಟಿ ಆಯಿಲಿಗೆ ಸೇರಿ ಕೆಸರಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಂಧನವನ್ನು ಅಳೆದು ಕೊಡುವ ಕಂಪ್ಯೂಟರ್, ಎಂಜಿನ್ನನ್ನು ತಣಿಸಲು ಸುತ್ತುವ ನೀರಿನ, ಅಂದರೆ ಕೂಲೆಂಟಿನ ತಾಪ ನೋಡಿ ‘ಎಂಜಿನ್ ಇನ್ನೂ ಕಾದಿಲ್ಲ’ ಎಂದುಕೊಂಡು ಪೆಟ್ರೋಲನ್ನು ಹೆಚ್ಚಾಗಿ ಚಿಮ್ಮಿಸುತ್ತಲೇ ಇರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿರುವ ಆಯಿಲಿನ ಪದರವನ್ನು ತೊಳೆದುಹಾಕುತ್ತದೆ. ಕಾಸೂ ಹೋಯಿತು, ಲೋಹವೂ ಸವೆಯಿತು.

ಆದ್ದರಿಂದಲೇ ಎಂಜಿನ್ನಿಗೂ, ಅದರ ಬಿಸಿ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರಿಗೂ ನಡುವೆ ಈ ಬಾಗಿಲು. ಮೊದಮೊದಲಿನ ಥರ್ಮೋಸ್ಟಾಟುಗಳಲ್ಲಿ ಬೇಗ ಆವಿಯಾಗುವ ದ್ರವ ತುಂಬಿದ, ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ಲೋಹದ ಡಬ್ಬಿಗಳಿದ್ದವು. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆಟ್ ಆ ಜಾಗಕ್ಕೆ ಮೇಣವನ್ನು ತಂದರು. ಹಿತ್ತಾಳೆಯ ಪುಟ್ಟ ಬಟ್ಟಲಲ್ಲಿ ಮೇಣ, ಶಾಖ ಅದರೊಳಗೆಲ್ಲ ಬೇಗ ಹರಡಲೆಂದು ಬೆರೆಸಿದ ತಾಮ್ರದ ಪುಡಿ, ಅದರ ಮೇಲೆ ರಬ್ಬರು, ರಬ್ಬರಿನ ನಡುವೆ ಉಕ್ಕಿನ ಸಣ್ಣ ಕಡ್ಡಿ. ಕರಗುವಾಗ ಮೇಣದ ಗಾತ್ರ ನೂರಕ್ಕೆ ಹತ್ತರಷ್ಟಾದರೂ ಹಿಗ್ಗುತ್ತದೆ. ಸುತ್ತಲೂ ಲೋಹವಿರುವುದರಿಂದ ಹೋಗಲು ದಾರಿಯಿಲ್ಲದೆ ಕಡ್ಡಿಯನ್ನು ಹೊರಕ್ಕೆ ನೂಕುತ್ತದೆ. ಕಡ್ಡಿಯ ತುದಿ ಚೌಕಟ್ಟಿಗೆ ಒತ್ತಿಕೊಂಡಿರುವುದರಿಂದ ಬಟ್ಟಲೇ ಹಿಂದೆ ಸರಿಯುತ್ತದೆ. ಅದರ ಜೊತೆ ಬಿಲ್ಲೆಯೂ ಸರಿದು ಬಾಗಿಲು ತೆರೆಯುತ್ತದೆ. ತಣಿದಾಗ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಬಿಲ್ಲೆಯನ್ನು ಮತ್ತೆ ಸ್ವಸ್ಥಾನಕ್ಕೆ ತರುತ್ತದೆ. ಯಾವ ತಾಪದಲ್ಲಿ ತೆರೆಯಬೇಕೆಂಬುದು ಮೇಣದ ಮಿಶ್ರಣದಲ್ಲೇ ನಿಶ್ಚಯವಾಗಿರುತ್ತದೆ. ಇಷ್ಟು ಸರಳವಾದ ಯಂತ್ರ ವರ್ಷಗಟ್ಟಲೆ ಕೈಕೊಡದೆ ದುಡಿಯುವುದು ನನ್ನ ಮಟ್ಟಿಗೆ ದೊಡ್ಡ ಸೋಜಿಗ.

ಇದನ್ನು ಕಿತ್ತು ಹಾಕಿದರೆ ಕೆಲವು ಎಂಜಿನ್ನುಗಳು ತಣ್ಣಗಾಗುವ ಬದಲು ಕುದಿಯುವುದೂ ಉಂಟು. ಹಲವು ಥರ್ಮೋಸ್ಟಾಟುಗಳಿಗೆ ಹಿಂಬದಿಯಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ರೇಡಿಯೇಟರಿನ ದಾರಿ ತೆರೆದಂತೆ ಅದು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುವ ಒಳದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಒಳದಾರಿ ಸದಾ ತೆರೆದಿರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಹಾಗೆಯೇ ಎಂಜಿನ್ನಿಗೆ ಮರಳುತ್ತದೆ. ಘಾಟಿ ಏರುವಾಗ ಇದರ ಪರಿಣಾಮ ಏನೆಂದು ಊಹಿಸಬಹುದು.

ಬದಲಿಸುವ ಕೆಲಸ ನಮ್ಮ ಹಳೆಯ ಕಾರಿನಲ್ಲಿ ಒಂದು ಬೆಳಗಿನದು. (ಹೊಸ ಕಾರುಗಳಲ್ಲಿ ಮೇಣವನ್ನು ವಿದ್ಯುತ್ತಿನಿಂದ ಕಾಯಿಸುವ, ಪ್ಲಾಸ್ಟಿಕ್ ಕವಚದ ಸಮೇತ ಬರುವ ಥರ್ಮೋಸ್ಟಾಟುಗಳಿವೆ, ಕೆಲವದರಲ್ಲಿ ಅದು ಕೈಗೆಟುಕದ ಮೂಲೆಯಲ್ಲಿರುತ್ತದೆ. ಅವನ್ನು ವರ್ಕ್‌ಶಾಪಿಗೆ ಬಿಡುವುದೇ ಸರಿ.) ರಾತ್ರಿಯಿಡೀ ಆರಿದ ಎಂಜಿನ್ನನ್ನು ಮಾತ್ರ ಮುಟ್ಟಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತಿರುಗಿಸುವುದೂ ಕೂಗುವ ಕುಕ್ಕರಿನ ಮುಚ್ಚಳ ತೆರೆಯುವುದೂ ಒಂದೇ. ಒಳಗಿನ ಒತ್ತಡದಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುವ ನೀರು ಒಮ್ಮೆಗೇ ಮುಖಕ್ಕೆ ಉಕ್ಕುತ್ತದೆ.

ಕೆಳಗೆ ಬೋಗುಣಿ ಇಟ್ಟು ಕೂಲೆಂಟ್ ಇಳಿಸಿದೆ. ಅದನ್ನು ಚರಂಡಿಗೆ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನೆಕ್ಕಿದ ನಾಯಿಯ ಮೂತ್ರಪಿಂಡಗಳೇ ನಿಂತುಹೋಗುತ್ತವೆ. ಮೇಲಿನ ಹೋಸ್ ಬಿಡಿಸಿ, ಎರಡು ಬೋಲ್ಟ್ ಸಡಿಲಿಸಿ, ಹಳೆಯದನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಬಿಲ್ಲೆಯ ಒಂದು ಬದಿಯಲ್ಲಿ ಬಿದಿಗೆಯ ಚಂದ್ರನಂತೆ ಬೆಳಕಿನ ಎಳೆ! ಮುಚ್ಚಬೇಕಾದ ಬಾಗಿಲು ಅರೆತೆರೆದೇ ಸಿಕ್ಕಿಕೊಂಡಿತ್ತು. ಸ್ಪ್ರಿಂಗಿನ ಸುತ್ತ, ಕಡ್ಡಿಯ ಬುಡದಲ್ಲಿ ಸ್ನಾನದ ಹಂಡೆಯೊಳಗೆ ಕಟ್ಟುವಂಥದೇ ಬಿಳಿ ಕಿಟ್ಟ. ಕೂಲೆಂಟ್ ಕಡಿಮೆಯಾದಾಗಲೆಲ್ಲ ನಾನೇ ಕೊಳವೆಬಾವಿಯ ಗಡಸು ನೀರು ತುಂಬಿದ್ದೆ. ಡಿಸ್ಟಿಲ್ಡ್ ವಾಟರ್ ಏಕೆ ಬೇಕೆಂದು ಆ ಕಿಟ್ಟವನ್ನು ಉಗುರಿನಿಂದ ಕೆರೆದಾಗ ಅರ್ಥವಾಯಿತು.

ಕವಚದ ಸಂದಿನಲ್ಲಿ ನೀರು ಸೋರದಂತೆ ಇಡುವ ಗ್ಯಾಸ್ಕೆಟ್ ಎಂಬ ತೆಳು ಪದರ ಹಳೆಯದಾಗಿ ಅಂಟಿಕೊಂಡಿತ್ತು. ಅದನ್ನು ಅಲ್ಯೂಮಿನಿಯಂ ಗೀರದಂತೆ ಕೆರೆದು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಹೊಸದನ್ನು ಕೂರಿಸುವಾಗ ಮೇಣದ ಬಟ್ಟಲು ಮತ್ತು ಸ್ಪ್ರಿಂಗ್ ಎಂಜಿನ್ನಿನ ಕಡೆಗೇ ಇರಬೇಕು, ಬಿಸಿ ನೀರು ತಾಗಬೇಕಾದದ್ದು ಅದಕ್ಕೆ. ಗಾಳಿ ಹೋಗುವ ಪುಟ್ಟ ರಂಧ್ರ ಮೇಲ್ಗಡೆಗೆ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಕಡೆ ಬಿಗಿದರೆ ಕವಚ ಸೀಳುತ್ತದೆ.

ಕೂಲೆಂಟ್ ತುಂಬಿ, ಮುಚ್ಚಳ ತೆರೆದೇ ಇಟ್ಟು, ಹೀಟರನ್ನು ಪೂರ್ತಿ ತಿರುಗಿಸಿ ಎಂಜಿನ್ ಚಾಲೂ ಮಾಡಿದೆ. ಒಳಗೆ ಸಿಕ್ಕಿದ್ದ ಗಾಳಿ ಗುಳುಗುಳು ಎಂದು ಬಂತು. ಮಟ್ಟ ಇಳಿದಷ್ಟೂ ತುಂಬಿದೆ. ಫ್ಯಾನಿನಿಂದ ಕೈ ದೂರವಿಟ್ಟು ಮೇಲಿನ ಹೋಸಿಗೆ ಬೆರಳು ತಾಗಿಸಿ ನಿಂತೆ. ಮುಳ್ಳು ಏರುತ್ತಿದ್ದರೂ ಹೋಸ್ ಇನ್ನೂ ತಣ್ಣಗೇ ಇತ್ತು. ಮುಳ್ಳು ನಡುವಿಗೆ ಬರುತ್ತಿದ್ದಂತೆ ಬೆರಳಿನ ಕೆಳಗೆ ಬಿಸಿ ಹರಿದುಬಂತು.