ನೇರಳೆ ಕ್ಯಾಪ್ ಹಲ್ಲಿನ ಬಣ್ಣಕ್ಕೆ ಬರುವುದು ಹೇಗೆ?

"ಅಯ್ಯೋ ಡಾಕ್ಟ್ರೇ, ಇದೇನು ನೇರಳೆ ಹಣ್ಣಿನ ಬಣ್ಣ! ಇದನ್ನ ಮುಂದಿನ ಹಲ್ಲಿಗೆ ಹಾಕ್ತೀರಾ?"

ಹಾಸನದ ನನ್ನ ಕ್ಲಿನಿಕ್‌ನಲ್ಲಿ ಕ್ಯಾಪ್ ಟ್ರಯಲ್ ನೋಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೂ ಬೆಂದಿಲ್ಲಮ್ಮ, ಎನ್ನುತ್ತೇನೆ. ಫರ್ನೇಸ್‌ನಲ್ಲಿಟ್ಟು ತೆಗೆದರೆ ಅದೇ ಕ್ಯಾಪ್ ಪಕ್ಕದ ಹಲ್ಲಿನ ಬಣ್ಣಕ್ಕೆ ಬಂದಿರುತ್ತದೆ. ಬಣ್ಣ ಬಳಿದದ್ದಲ್ಲ, ಕ್ಯಾಪ್ ಕೆತ್ತಿದ ಗಾಜಿನೊಳಗೆ ಹೊಸ ಹರಳು ಬೆಳೆದದ್ದು.

ತುಪ್ಪ ನೋಡಿದ್ದೀರಲ್ವಾ? ಚಳಿಗಾಲದಲ್ಲಿ ಅಡುಗೆಮನೆ ಕಟ್ಟೆ ಮೇಲೆ ತಾನಾಗಿ ಆರಿದರೆ ಮರಳು ಮರಳಾಗುತ್ತದೆ. ಫ್ರಿಜ್ಜಿಗಿಟ್ಟರೆ ನುಣ್ಣಗೆ. ನಿಧಾನಕ್ಕೆ ಆರಿದಾಗ ಹುಟ್ಟುವ ಹರಳು ಕಡಿಮೆ, ಅವಕ್ಕೆ ಬೆಳೆಯಲು ಪುರುಸೊತ್ತಿರುತ್ತದೆ. ಬೇಗ ಆರಿದರೆ ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ಯಾವುದೂ ದೊಡ್ಡದಾಗುವುದಿಲ್ಲ.

ಗಾಜು ಎಂದರೆ ಹರಳುಗಟ್ಟಲು ಪುರುಸೊತ್ತೇ ಸಿಗದ ವಸ್ತು. ಕರಗಿದ್ದು ತಣಿಯುತ್ತಾ ಎಷ್ಟು ಮಂದವಾಗುತ್ತದೆಂದರೆ, ಕಣಗಳು ಸಾಲುಗೂಡುವ ಮೊದಲೇ ಇದ್ದಲ್ಲೇ ನಿಂತುಬಿಡುತ್ತವೆ. ಮತ್ತೆ ಕಾಯಿಸಿದರೆ ಅಲುಗಾಡುತ್ತವೆ. ಕಡಿಮೆ ಶಾಖದಲ್ಲಿ ಹರಳಿನ ಬೀಜ ಹುಟ್ಟುತ್ತದೆ, ಜಾಸ್ತಿ ಶಾಖದಲ್ಲಿ ಅದು ಬೆಳೆಯುತ್ತದೆ. ಸುಮ್ನೆ ಬಿಟ್ಟರೆ ಹರಳು ಸಾಮಾನ್ಯವಾಗಿ ಮೇಲ್ಮೈಯಿಂದ ಒಳಕ್ಕೆ ಹಬ್ಬುತ್ತದೆ. ಎಲ್ಲ ಕಡೆ ಬೀಜ ಹುಟ್ಟಲೆಂದು ನಾವು ಕ್ಯಾಪ್ ಕೆತ್ತುವ ಬ್ಲಾಕ್‌ನ, ಅಂದರೆ ಇಟ್ಟಿಗೆಯಂಥ ತುಂಡಿನ, ಗಾಜಿಗೆ ಸ್ವಲ್ಪ ರಂಜಕದ ಆಕ್ಸೈಡ್ ಬೆರೆಸಿರುತ್ತಾರೆ.

ನೇರಳೆ ಹಂತದಲ್ಲಿ ಒಳಗಿರುವುದು ಲಿಥಿಯಂ ಮೆಟಾಸಿಲಿಕೇಟ್ ಹರಳು. ಆಗ ಕೆತ್ತುವುದು ಸುಲಭ. ಸುಮಾರು 840–850 ಡಿಗ್ರಿಯಲ್ಲಿ ಅದು ಲಿಥಿಯಂ ಡೈಸಿಲಿಕೇಟ್ ಆಗುತ್ತದೆ. ಈ ಹರಳುಗಳು ಸಣ್ಣ ಸೂಜಿಗಳಂತೆ, ಒಂದರೊಳಗೊಂದು ಹೆಣೆದುಕೊಂಡು ಗಾಜಿನ ನೂರಕ್ಕೆ ಸುಮಾರು 70 ಪಾಲು ತುಂಬುತ್ತವೆ. ಬಿರುಕು ಬಂದರೆ ನೇರ ಓಡಲು ದಾರಿಯಿಲ್ಲ, ಪ್ರತಿ ಸೂಜಿಯನ್ನೂ ಬಳಸಿ ಹೋಗಬೇಕು. ಗಟ್ಟಿತನ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ.

ಹೀಗೆ ಗಾಜಿನೊಳಗೆ ಹರಳು ಬೆಳೆಸುವುದು ಶುರುವಾದ ಕಥೆ ನನಗೆ ತುಂಬಾ ಇಷ್ಟ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಎಂಬ ಗಾಜಿನ ಕಂಪನಿಯಲ್ಲಿ ವಿಜ್ಞಾನಿ ಡೊನಾಲ್ಡ್ ಸ್ಟೂಕಿ 600 ಡಿಗ್ರಿಗೆಂದು ಇಟ್ಟ ಗಾಜು, ಫರ್ನೇಸ್ ಕೆಟ್ಟು 900 ಡಿಗ್ರಿಗೆ ಹೋಯಿತು. ಕರಗಿ ಹರಿದಿರಬೇಕು ಎಂದುಕೊಂಡರೆ, ಬೆಳ್ಳಗಾಗಿ ಹಾಗೇ ನಿಂತಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ! ಅದೂ ಲಿಥಿಯಂ ಬೆರೆತ ಗಾಜೇ.

ನನ್ನ ಫರ್ನೇಸ್ ಒಮ್ಮೆ ಶಾಖ ತಪ್ಪು ತೋರಿಸಿ, ಕ್ಯಾಪಿನ ಅಂಚಲ್ಲಿ ನೇರಳೆ ಛಾಯೆ ಉಳಿದಿತ್ತು. ಅಷ್ಟು ಕಡೆ ಬೆಂದಿಲ್ಲ ಎಂದರ್ಥ. ಅರಸೀಕೆರೆ ಬಸ್ಸಿಗೆ ಹೊತ್ತಾಯಿತು, ಕಾಣಲ್ಲ ಬಿಡಿ, ಹಾಕಿಬಿಡಿ ಎಂದರು ಆ ಯಜಮಾನರು. ಕಾಣದಿದ್ದರೂ ಅದು ನಿಪ್ಪಟ್ಟು ಕಡಿಯಬೇಕಾದ ಹಲ್ಲು. ಹಾಕಲಿಲ್ಲ. ಫರ್ನೇಸ್ ರಿಪೇರಿ ಮಾಡಿಸಿ, ಹೊಸದು ಕೆತ್ತಿ ಬೇಯಿಸಿ, ಮುಂದಿನ ವಾರ ಕೂರಿಸಿದೆ.